ಕಲ್ಲಿದ್ದಲಿನ ಸಂಶೋಧನೆಗೆ ನಮ್ಮ ಹಣ ಏತಕ್ಕೆ?

(ತಾಲ್ಲೂಕಿನ ರೈತರ ಮಾಸಿಕ ಕೂಟದಲ್ಲಿ ನಿವೃತ್ತ ಕೃಷಿ ಸಹಾಯಕರೊಬ್ಬರು ಮಾಡಿದ ಭಾಷಣ)



ಕಳೆದ ತಿಂಗಳ ಕೂಟ ಮುಗಿದು ಎಲ್ಲರೂ ಎದ್ದು ಹೊರಡುವ ಹೊತ್ತಿನಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಸ್ವಾಮಿ, ಕಲ್ಲಿದ್ದಲಿನಿಂದ ಗ್ಯಾಸು ತೆಗೆಯುವುದಕ್ಕೆ ಸರ್ಕಾರ ಸಾವಿರಾರು ಕೋಟಿ ಕೊಡುತ್ತದಂತೆ. ನಮ್ಮ ಸೀಮೆಯಲ್ಲಿ ಎಲ್ಲಿ ಅಗೆದರೂ ಒಂದು ಹಿಡಿ ಕಲ್ಲಿದ್ದಲು ಸಿಕ್ಕುವುದಿಲ್ಲ. ನಮ್ಮ ಕೆರೆಯ ತೂಬು ರಿಪೇರಿಗೆ ಹಣವಿಲ್ಲ ಅನ್ನುತ್ತಾರೆ. ಅದಕ್ಕೆ ಎಲ್ಲಿಂದ ಬರುತ್ತದೆ? ಅದರಿಂದ ನಮಗೇನು?" ಎಂದು ಕೇಳಿದರು. ಬಸ್ಸು ಬಂದುಬಿಟ್ಟಿತು. ಉತ್ತರ ಹೇಳಲಾಗಲಿಲ್ಲ. ಮನೆಗೆ ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದುದರಿಂದ ಈ ಸಲ ಬೇರೆ ವಿಷಯ ಬಿಟ್ಟು ಅದನ್ನೇ ಮಾತನಾಡುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ನಮ್ಮಲ್ಲಿ ಬಹಳ ಮಂದಿಯ ಕೊಳವೆ ಬಾವಿಗೆ ೫ ಅಶ್ವಶಕ್ತಿಯ ಪಂಪು ಇದೆ. ಅದು ಒಂದು ಗಂಟೆ ಓಡಿದರೆ ಸುಮಾರು ೪ ಯೂನಿಟ್ ಕರೆಂಟು ಬೇಕು. ಆ ಕರೆಂಟು ಕಲ್ಲಿದ್ದಲಿನಿಂದ ಬಂದದ್ದಾದರೆ, ಒಂದು ಯೂನಿಟ್ಟಿಗೆ ನಮ್ಮ ದೇಶದ ಕಲ್ಲಿದ್ದಲು ಸುಮಾರು ೭೦೦ ಗ್ರಾಂ ಸುಡಬೇಕಾಗುತ್ತದೆ. ರಾತ್ರಿ ೬ ಗಂಟೆ ನೀರು ಹಾಯಿಸಿದಿರಿ ಎನ್ನಿ. ಆಗ ಎಲ್ಲಿಯೋ ದೂರದಲ್ಲಿ ನಿಮ್ಮ ಹೆಸರಿನಲ್ಲಿ ೧೭ ಕಿಲೋ ಕಲ್ಲಿದ್ದಲು ಉರಿಯಿತು, ೬ ಕಿಲೋ ಬೂದಿ ಬಿತ್ತು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ, ನಿಜ. ಆದರೆ ಕೃಷ್ಣಾ ನದಿಯ ದಡದಲ್ಲಿ, ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ೧೯೮೫ರಿಂದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿದೆ. ಅದರ ೮ ಘಟಕಗಳು ಸೇರಿ ೧,೭೨೦ ಮೆಗಾವಾಟ್. ಅದಕ್ಕೆ ತೆಲಂಗಾಣದ ಸಿಂಗರೇಣಿ ಮೊದಲಾದ ಹೊರಗಿನ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಜಲವಿದ್ಯುತ್ತೂ ಈಗ ಸೂರ್ಯನ ವಿದ್ಯುತ್ತೂ ಇದ್ದರೂ, ಮಳೆ ಕೈಕೊಟ್ಟ ವರ್ಷ, ರಾತ್ರಿಯ ಪಾಳಿಯಲ್ಲಿ, ನಮ್ಮ ಗದ್ದೆಗೆ ನೀರು ಎತ್ತುವುದು ಬಹುಮಟ್ಟಿಗೆ ಆ ಕಪ್ಪು ಕಲ್ಲೇ. ಹಾಗಾಗಿ ಕಲ್ಲಿದ್ದಲು ನಮಗೆ ಸಂಬಂಧವಿಲ್ಲದ ವಸ್ತುವಲ್ಲ.

ನೂರು ಕಿಲೋ ಸುಟ್ಟರೆ ಮೂವತ್ತೈದು ಕಿಲೋ ಬೂದಿಯೇ ಎಂದು ನಿಮಗೆ ಆಶ್ಚರ್ಯವಾಗಬಹುದು. ನಮ್ಮ ದೇಶದ ಕಲ್ಲಿದ್ದಲಿನ ರೋಗವೇ ಇದು. ಕೋಟ್ಯಂತರ ವರ್ಷಗಳ ಹಿಂದೆ ಮರಗಿಡಗಳು ಪ್ರವಾಹದಲ್ಲಿ ಕೊಚ್ಚಿಬಂದು, ಮಣ್ಣು ಮರಳಿನ ಜೊತೆ ಕಲಸಿಹೋಗಿ, ಒಂದರ ಮೇಲೊಂದು ಕೂತು ಕಲ್ಲಾದದ್ದು ಇಲ್ಲಿಯ ಕಲ್ಲಿದ್ದಲು. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಬಹುದು. ಹಿಟ್ಟಿನಲ್ಲಿ ಮಣ್ಣು ಸೇರಿದರೆ ಆರಿಸುವುದು ಹೇಗೆ? ನಮ್ಮ ಕಲ್ಲಿದ್ದಲಿನಲ್ಲಿ ಮಣ್ಣು ಸೇರಿರುವುದು ಹಿಟ್ಟಿನಲ್ಲಿ ಸೇರಿದ ಹಾಗೆ. ತೊಳೆದರೂ ಪೂರ್ತಿ ಬಿಡುವುದಿಲ್ಲ. ಗಂಧಕ ಕಡಿಮೆ ಎಂಬುದೊಂದು ಗುಣ, ಅಷ್ಟೆ. ಆದುದರಿಂದ ಪರದೇಶದವರು ತಮ್ಮ ಕಲ್ಲಿದ್ದಲಿಗೆಂದು ಮಾಡಿದ ಒಲೆ, ಬಾಯ್ಲರು, ಯಂತ್ರ ಇವುಗಳನ್ನು ತಂದು ಇಲ್ಲಿ ಇಟ್ಟರೆ ಹಾಗೆಯೇ ನಡೆಯುವುದಿಲ್ಲ. ನಮ್ಮ ಎರೆ ಹೊಲಕ್ಕೆ ಒಗ್ಗುವ ತಳಿಯನ್ನು ನಮ್ಮ ಹೊಲದಲ್ಲೇ ಬೆಳೆದು ನೋಡಬೇಕಲ್ಲವೇ? ಇದೂ ಹಾಗೆಯೇ.

ಸರ್ಕಾರ ಇದಕ್ಕೆ ಹಣ ಹಾಕುವುದು ಇಂದು ನೆನ್ನೆಯ ಮಾತಲ್ಲ. ೧೮೫೧ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಹುಟ್ಟಿಕೊಂಡದ್ದೇ ಕಲ್ಲಿದ್ದಲು ಹುಡುಕುವ ಕೆಲಸದಿಂದ. ಸ್ವಾತಂತ್ರ್ಯ ಬಂದ ಮೇಲೆ, ೧೯೫೦ರಲ್ಲಿ, ಧನಬಾದಿನ ಹತ್ತಿರ ದಿಗ್ವಾಡಿ ಎಂಬಲ್ಲಿ ಕೇಂದ್ರ ಇಂಧನ ಸಂಶೋಧನಾಲಯ ತೆರೆಯಿತು. ಅಲ್ಲಿಯವರ ಮೊದಲ ದೊಡ್ಡ ಕೆಲಸ ನಾವು ಮಣ್ಣು ಪರೀಕ್ಷೆ ಮಾಡಿಸುವಂಥದ್ದು: ದೇಶದ ಒಂದೊಂದು ಗಣಿಯ ಒಂದೊಂದು ಪದರದಿಂದ ಮಾದರಿ ತೆಗೆದು, ಬೂದಿ ಎಷ್ಟು, ಕಾವು ಎಷ್ಟು, ಯಾವ ಕೆಲಸಕ್ಕೆ ಆದೀತು ಎಂದು ಬರೆದಿಟ್ಟರು. ಉಕ್ಕು ಕರಗಿಸಲು ಬೇಕಾದ ಒಳ್ಳೆಯ ಜಾತಿ ಝರಿಯಾದ ಸುತ್ತ ಮಾತ್ರ, ಅದೂ ಮಿತವಾಗಿ ಇದೆಯೆಂದು ಕಂಡು, ಕಡಿಮೆ ದರ್ಜೆಯದನ್ನು ತೊಳೆದು ಬೆರೆಸುವ ದಾರಿ ಹುಡುಕಿದರು. ೨೦೦೭ರಲ್ಲಿ ಈ ಸಂಶೋಧನಾಲಯವನ್ನು ಗಣಿ ಸಂಶೋಧನೆಯ ಸಂಸ್ಥೆಯೊಡನೆ ಕೂಡಿಸಿದರು. ಇದಲ್ಲದೆ ೧೯೭೫ರಿಂದ ಕಲ್ಲಿದ್ದಲಿನ ಇಲಾಖೆಯೇ ಬೇರೆಯಾಗಿ ಸಂಶೋಧನಾ ಅನುದಾನ ಕೊಡುತ್ತ ಬಂದಿದೆ. ಇಂಥ ಪರೀಕ್ಷೆಯ ಖರ್ಚು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ವ್ಯರ್ಥವೆಂದು ನಾನು ಹೇಳಲಾರೆ.

ಈಗ ನಮ್ಮ ತಿಪ್ಪೆಗೆ ಹತ್ತಿರವಾದ ಒಂದು ಹಳೆಯ ಸಂಗತಿ. ೧೯೨೯ರಲ್ಲಿಯೇ ಮೆದು ಕೋಕಿನ ಮೇಲೆ ಒಂದು ಸೆಸ್ಸು ಹಾಕುವ ಕಾಯಿದೆ ಬಂದಿತ್ತು. ಹೊಗೆ ಬಿಡಿಸಿದ ಕಲ್ಲಿದ್ದಲೇ ಮೆದು ಕೋಕು. ಅದನ್ನು ಚೆನ್ನಾಗಿ ಮಾಡಿ, ಅಡಿಗೆಮನೆಗೆ ಹಬ್ಬಿಸಲು ಆ ಹಣ. ಜನ ಕೋಕು ಉರಿಸಿದರೆ ಬೆರಣಿ ಉಳಿಯುತ್ತದೆ, ಸಗಣಿ ಹೊಲಕ್ಕೆ ಹೋಗುತ್ತದೆ ಎಂದು ಮುಂದೆ ಯೋಜನೆಗಳ ಕಾಲದಲ್ಲಿಯೂ ಬಹಳ ಹೇಳಿದರು. ಮಾತು ಸರಿ. ಬೆರಣಿ ಸುಟ್ಟರೆ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಉಳಿಯುವ ಬೂದಿಯಲ್ಲಿ ಅದು ಒಂದು ಚಿಟಿಕೆಯೂ ಇರುವುದಿಲ್ಲ. ಆದರೆ ಗಣಿಗಳು ಬಂಗಾಳ ಬಿಹಾರದ ಕಡೆ. ಅಲ್ಲಿಯ ಪೇಟೆಗಳಲ್ಲಿ ಕೋಕು ಉರಿಯಿತು. ನಮ್ಮ ಹಳ್ಳಿಯವರೆಗೆ ಅದು ಎಂದೂ ಬರಲಿಲ್ಲ. ನನ್ನ ಅಜ್ಜಿ ಗೋಡೆಗೆ ಬೆರಣಿ ತಟ್ಟುತ್ತಲೇ ಇದ್ದಳು.

ಇನ್ನು ಯೂರಿಯಾದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆ ಹಿರಿಯರು ಕೇಳಿದ ಗ್ಯಾಸಿನ ಮೂಲ ಇಲ್ಲಿದೆ. ಕಲ್ಲಿದ್ದಲನ್ನು ಪೂರ್ತಿ ಸುಡದೆ, ಅಳತೆಯ ಆಮ್ಲಜನಕವನ್ನೂ ಹಬೆಯನ್ನೂ ಕೊಟ್ಟು ಬೇಯಿಸಿದರೆ ಅನಿಲ ಬರುತ್ತದೆ. ಅದರಲ್ಲಿಯ ಜಲಜನಕವನ್ನು ಗಾಳಿಯ ಸಾರಜನಕದೊಡನೆ ಸೇರಿಸಿದರೆ ಅಮೋನಿಯಾ. ಅಮೋನಿಯಾಕ್ಕೆ ಇಂಗಾಲಾಮ್ಲವನ್ನು ಕೂಡಿಸಿದರೆ ನೀವು ಹೊಲಕ್ಕೆ ಎರಚುವ ಯೂರಿಯಾ. ಈಗ ನಮ್ಮ ಯೂರಿಯಾ ಬಹುಪಾಲು ನೈಸರ್ಗಿಕ ಅನಿಲದಿಂದ ಆಗುತ್ತದೆ. ಆ ಅನಿಲದ ದೊಡ್ಡ ಭಾಗ ಹಡಗಿನಲ್ಲಿ ಹೊರದೇಶದಿಂದ ಬರಬೇಕು. ಹೊರದೇಶದಲ್ಲಿ ಯುದ್ಧವಾದರೆ ನಮ್ಮ ಸೊಸೈಟಿಯ ಮುಂದೆ ಸಾಲು ಉದ್ದವಾಗುತ್ತದೆ. ನೆಲದಲ್ಲಿ ಬೇಕಾದಷ್ಟು ಬಿದ್ದಿರುವ ಕಲ್ಲಿದ್ದಲಿನಿಂದಲೇ ಗೊಬ್ಬರ ಮಾಡಿದರಾಗದೇ ಎಂಬ ಆಸೆ ಸಹಜವಾದದ್ದು.

ಆ ಆಸೆಯಿಂದಲೇ ೧೯೭೦ರ ದಶಕದಲ್ಲಿ ಸರ್ಕಾರ ಎರಡು ಕಾರ್ಖಾನೆ ಕಟ್ಟಿತು: ಒಡಿಶಾದ ತಾಲ್ಚೇರಿನಲ್ಲಿ ಒಂದು, ಈಗಿನ ತೆಲಂಗಾಣದ ರಾಮಗುಂಡದಲ್ಲಿ ಇನ್ನೊಂದು. ೧೯೮೦ರಲ್ಲಿ ಉತ್ಪಾದನೆ ಆರಂಭ. ಒಂದೊಂದೂ ದಿನಕ್ಕೆ ೧,೫೦೦ ಟನ್ನು ಯೂರಿಯಾ ಕೊಡಬೇಕು. ಎಂದರೆ ಈಗಿನ ೪೫ ಕಿಲೋ ಮೂಟೆಯ ಲೆಕ್ಕದಲ್ಲಿ ೩೩ ಸಾವಿರ ಮೂಟೆ. ಆದರೆ ಅನಿಲ ಮಾಡುವ ಯಂತ್ರ ಪರದೇಶದ ನಮೂನೆಯದು, ಕಲ್ಲಿದ್ದಲು ನಮ್ಮ ಬೂದಿಯದು. ಜೊತೆಗೆ ವಿದ್ಯುತ್ತು ಪದೇ ಪದೇ ಕೈಕೊಡುತ್ತಿತ್ತು, ಯಂತ್ರಭಾಗಗಳ ತೊಂದರೆಯೂ ಸೇರಿತು. ಇಂಥ ಕಾರ್ಖಾನೆ ನಮ್ಮ ಗಿರಣಿಯ ಹಾಗೆ ನಿಲ್ಲಿಸಿ ಮತ್ತೆ ತಿರುಗಿಸತಕ್ಕದ್ದಲ್ಲ. ನಿಂತರೆ ಎಲ್ಲವೂ ಆರಿ ತಣ್ಣಗಾಗುತ್ತದೆ. ಎರಡೂ ಎಂದೂ ನೆಟ್ಟಗೆ ಓಡಲಿಲ್ಲ. ೧೯೯೯ರಲ್ಲಿ ಕೆಲಸ ನಿಂತಿತು, ೨೦೦೨ರಲ್ಲಿ ಮುಚ್ಚುವ ತೀರ್ಮಾನವಾಯಿತು. ರಾಮಗುಂಡದ ಕಾರ್ಖಾನೆ ೨೦೨೧ರಲ್ಲಿ ಮತ್ತೆ ತೆರೆಯಿತು. ಆದರೆ ಕಲ್ಲಿದ್ದಲಿನಿಂದಲ್ಲ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಿಂದ. ಸುತ್ತ ಮುತ್ತ ಕಲ್ಲಿದ್ದಲಿನ ಗಣಿ, ನಡುವೆ ಗ್ಯಾಸಿನ ಕಾರ್ಖಾನೆ! ತಾಲ್ಚೇರಿನಲ್ಲಿ ಮಾತ್ರ ಕಲ್ಲಿದ್ದಲಿನದನ್ನೇ ಹೊಸದಾಗಿ ಕಟ್ಟಲು ೨೦೧೮ರಲ್ಲಿ ಅಡಿಗಲ್ಲು ಹಾಕಿದರು. ಅಲ್ಲಿ ಕಲ್ಲಿದ್ದಲಿನ ಜೊತೆಗೆ ಎಣ್ಣೆ ಶುದ್ಧೀಕರಣದಲ್ಲಿ ಉಳಿಯುವ ಕೋಕನ್ನು ಬೆರೆಸುವ ಏರ್ಪಾಡು. ಬೂದಿಯ ಪಾಠ ಅಷ್ಟರ ಮಟ್ಟಿಗೆ ತಲೆಗೆ ಹತ್ತಿದೆ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ೨೦೨೪ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ್ದು ೮,೫೦೦ ಕೋಟಿ ರೂಪಾಯಿಯ ಯೋಜನೆ. ೨೦೩೦ರ ಹೊತ್ತಿಗೆ ವರ್ಷಕ್ಕೆ ೧೦ ಕೋಟಿ ಟನ್ನು ಕಲ್ಲಿದ್ದಲನ್ನು ಅನಿಲ ಮಾಡಬೇಕೆಂಬ ಗುರಿ. ಈ ೮,೫೦೦ ಕೋಟಿ ಸಂಶೋಧನೆಯ ಹಣವಲ್ಲ, ಗಮನಿಸಿ. ಕಾರ್ಖಾನೆ ಕಟ್ಟುವವರಿಗೆ ಕೊಡುವ ಪ್ರೋತ್ಸಾಹ ಧನ. ಇದರಲ್ಲಿ ಹೆಚ್ಚಿನ ಪಾಲು ಸರ್ಕಾರದ ಮತ್ತು ಖಾಸಗಿಯವರ ದೊಡ್ಡ ಕಾರ್ಖಾನೆಗಳಿಗೆ. ಸಣ್ಣ ಪ್ರಮಾಣದಲ್ಲಿ ಹೊಸ ವಿಧಾನ ಮಾಡಿ ತೋರಿಸುವವರಿಗೆ ಒಂದು ಚಿಕ್ಕ ಪಾಲು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ. ಹೈದರಾಬಾದಿನಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯವರು ನಮ್ಮದೇ ಬೂದಿ ಕಲ್ಲಿದ್ದಲಿನಿಂದ ಅನಿಲ ಮಾಡಿ, ಅದರಿಂದ ದಿನಕ್ಕೆ ಕಾಲು ಟನ್ನು ಮೆಥನಾಲು ತೆಗೆಯುವ ಸಣ್ಣ ಪ್ರಾಯೋಗಿಕ ಸ್ಥಾವರ ಮಾಡಿದರು. ೨೦೨೧ರಲ್ಲಿ ಅದು ಫಲ ಕೊಟ್ಟ ಸುದ್ದಿ ಬಂತು. ಅದಕ್ಕೆ ಸರ್ಕಾರ ಕೊಟ್ಟ ಅನುದಾನ ೧೦ ಕೋಟಿ. ಹತ್ತು ಗುಂಟೆಯಲ್ಲಿ ಹೊಸ ತಳಿ ಹಾಕಿ ನೋಡಿದಂತೆ ಇದು. ಹತ್ತು ಗುಂಟೆಯಲ್ಲಿ ಬಂದದ್ದು ಸಾವಿರ ಎಕರೆಯಲ್ಲಿ ಬರುತ್ತದೆಯೇ ಎಂಬುದನ್ನು ರೈತನಾದವನು ನಡುವೆ ಐದೆಕರೆ, ಐವತ್ತೆಕರೆ ಹಾಕಿ ನೋಡದೆ ನಂಬುವುದಿಲ್ಲ. ಕಲ್ಲಿದ್ದಲಿನ ಅನಿಲಕ್ಕೆ ನಾನು ವಿರೋಧಿಯಲ್ಲ. ಆ ನಡುವಿನ ಐವತ್ತೆಕರೆಗೆ ಹಣ ಇಟ್ಟಿದ್ದಾರೆಯೇ ಎಂದು ಮಾತ್ರ ಕೇಳುತ್ತೇನೆ. ತಾಲ್ಚೇರಿನ ಹತ್ತೊಂಬತ್ತು ವರ್ಷವನ್ನು ನೋಡಿದವರು ಅದನ್ನು ಕೇಳದೆ ಇರಬಾರದು.

"ಎಲ್ಲಿಂದ ಬರುತ್ತದೆ" ಎಂದೂ ಅವರು ಕೇಳಿದ್ದರು. ಇಲ್ಲಿ ನನಗೆ ಸ್ವಲ್ಪ ಬೇಸರವಿದೆ. ೨೦೧೦ರಲ್ಲಿ ಕೇಂದ್ರ ಸರ್ಕಾರ ಒಂದು ಟನ್ನು ಕಲ್ಲಿದ್ದಲಿನ ಮೇಲೆ ೫೦ ರೂಪಾಯಿ ಸೆಸ್ಸು ಹಾಕಿತು. ಶುದ್ಧ ಇಂಧನದ ಸಂಶೋಧನೆಗೂ ಯೋಜನೆಗಳಿಗೂ ಒಂದು ನಿಧಿ ಮಾಡುತ್ತೇವೆ, ಅದಕ್ಕಾಗಿ ಎಂದು ಹೇಳಿತು. ಕಲ್ಲಿದ್ದಲಿನಿಂದ ಆಗುವ ಹಾನಿಗೆ ಕಲ್ಲಿದ್ದಲಿನಿಂದಲೇ ಹಣ ಎತ್ತುವುದು ನ್ಯಾಯವೇ. ೨೦೧೪ರಲ್ಲಿ ಅದು ೧೦೦ ಆಯಿತು, ೨೦೧೫ರಲ್ಲಿ ೨೦೦, ೨೦೧೬ರಲ್ಲಿ ೪೦೦. ಟನ್ನಿಗೆ ೪೦೦ ಎಂದರೆ ಕಿಲೋಗೆ ೪೦ ಪೈಸೆ. ನೀವು ರಾತ್ರಿ ಹಾಯಿಸಿದ ನೀರಿನ ೧೭ ಕಿಲೋಗೆ ಸುಮಾರು ಏಳು ರೂಪಾಯಿ. ಪಂಪಿಗೆ ಕರೆಂಟು ಪುಕ್ಕಟೆಯಲ್ಲವೇ ಎನ್ನಬೇಡಿ. ಪುಕ್ಕಟೆ ಕೊಟ್ಟದ್ದರ ಬಾಬ್ತು ರಾಜ್ಯದ ಬೊಕ್ಕಸ ಕಟ್ಟುತ್ತದೆ, ಬೊಕ್ಕಸ ನಮ್ಮದು.

ಹೀಗೆ ೨೦೧೦-೧೧ರಿಂದ ೨೦೧೭-೧೮ರವರೆಗೆ ಕೂಡಿದ ಹಣ, ಸರ್ಕಾರವೇ ಕೊಟ್ಟ ಲೆಕ್ಕದಂತೆ, ಸುಮಾರು ೮೬,೪೪೦ ಕೋಟಿ. ಅದರಲ್ಲಿ ಆ ನಿಧಿಗೆ ಸೇರಿದ್ದು ಸುಮಾರು ೨೯,೬೫೦ ಕೋಟಿ. ನಿಧಿಯಿಂದ ಯೋಜನೆಗಳಿಗೆ ಹೋದದ್ದು ೧೫,೯೧೧ ಕೋಟಿ. ನೂರು ರೂಪಾಯಿ ಎತ್ತಿ, ಮೂವತ್ತನಾಲ್ಕನ್ನು ಹುಂಡಿಗೆ ಹಾಕಿ, ಹದಿನೆಂಟನ್ನು ಖರ್ಚುಮಾಡಿದ ಹಾಗೆ. ೨೦೧೭ರಲ್ಲಿ ಜಿ.ಎಸ್.ಟಿ. ಬಂದಾಗ ಅದೇ ೪೦೦ ರೂಪಾಯಿಯನ್ನು ರಾಜ್ಯಗಳಿಗೆ ನಷ್ಟ ಪರಿಹಾರ ಕೊಡುವ ಲೆಕ್ಕಕ್ಕೆ ಬದಲಾಯಿಸಿದರು. ೨೦೨೫ರ ಸೆಪ್ಟೆಂಬರಿನಲ್ಲಿ ಆ ಸೆಸ್ಸನ್ನು ತೆಗೆದು, ಕಲ್ಲಿದ್ದಲಿನ ಮೇಲಿನ ತೆರಿಗೆಯನ್ನು ನೂರಕ್ಕೆ ೫ರಿಂದ ೧೮ಕ್ಕೆ ಏರಿಸಿದರು. ದೇವರ ಉತ್ಸವಕ್ಕೆಂದು ಚಂದಾ ಎತ್ತಿ ಬೇರೆ ಕೆಲಸಕ್ಕೆ ಹಾಕಿದರೆ, ಆ ಕೆಲಸ ಒಳ್ಳೆಯದೇ ಆಗಿದ್ದರೂ, ಊರಿನಲ್ಲಿ ಲೆಕ್ಕ ಕೇಳುತ್ತೇವೆ.

ದೂರದ ಮಾತು ಸಾಕು. ನಮ್ಮ ಒಲೆಗೆ ಬರೋಣ. ಇಂಧನ ಸಂಶೋಧನೆ ನಮ್ಮ ಮನೆಯೊಳಗೂ ಬಂದಿತ್ತು. ಹಿರಿಯರು ಟಾಟಾ ಇನ್ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ೧೯೭೪ರಲ್ಲಿ, ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ಮತ್ತು ಅವರ ಜೊತೆಗಾರರು ಹಳ್ಳಿಗೆ ಬೇಕಾದ ತಂತ್ರಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ತೆರೆದರು. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ಮನೆಮನೆಯಲ್ಲಿ ಕೂತು, ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಎಂದು ಅಳೆದರು. ಪುರ ಎಂಬ ಹಳ್ಳಿಯಲ್ಲಿ ಬಳಸುವ ಶಕ್ತಿಯಲ್ಲಿ ನೂರಕ್ಕೆ ೮೯ ಪಾಲು ಸೌದೆಯದೇ ಎಂದು ಕಂಡಿತು. ವಿದ್ಯುತ್ತು ಒಂದು ಪಾಲು. ದೇಶದ ಇಂಧನದ ಮಾತೆಲ್ಲ ಕಲ್ಲಿದ್ದಲು, ಎಣ್ಣೆ ಎಂದು ನಡೆಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ನಮ್ಮ ಹಳೆಯ ಒಲೆಯಲ್ಲಿ ಹತ್ತು ಸೌದೆ ಉರಿದರೆ ಒಂದರ ಕಾವು ಮಾತ್ರ ಪಾತ್ರೆಗೆ ತಗಲುತ್ತದೆ ಎಂದು ತಿಳಿದು, ಮೂರು ಪಾತ್ರೆ ಕೂರುವ, ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ ಇರುವ ಅಸ್ತ್ರ ಒಲೆಯನ್ನು ಮಾಡಿದರು. ಒಳ್ಳೆಯ ಒಲೆ. ಸೌದೆ ಉಳಿಯುತ್ತದೆ, ಹೊಗೆ ಮಾಡಿನ ಮೇಲೆ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಮುಂದಿನ ದಶಕದಲ್ಲಿ ದೇಶದ ಸುಧಾರಿತ ಒಲೆ ಕಾರ್ಯಕ್ರಮ ಬಂತು. ೧೯೮೩ರಿಂದ ೨೦೦೨ರವರೆಗೆ ದೇಶದಲ್ಲೆಲ್ಲ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿದರು. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದವನು. ತಿಂಗಳಿಗೆ ಇಷ್ಟು ಒಲೆ ಎಂದು ಕಚೇರಿಯಿಂದ ಗುರಿ ಬರುತ್ತಿತ್ತು. ಯಾವ ಕಚೇರಿ ಎಂಬುದು ಬೇಡ. ಕಟ್ಟಿದ ಒಲೆಯ ಎಣಿಕೆ ಬರೆಯಲು ಪುಸ್ತಕವಿತ್ತು. ಉರಿಯುತ್ತಿರುವ ಒಲೆಯ ಎಣಿಕೆ ಬರೆಯಲು ಕಾಲಮೇ ಇರಲಿಲ್ಲ. ನಮ್ಮ ಮನೆಯಲ್ಲಿಯೂ ಒಂದು ಹಾಕಿಸಿದೆ. ಎರಡು ತಿಂಗಳು ಅಮ್ಮ ಬಹಳ ಸಂತೋಷದಿಂದ ಇದ್ದಳು. ಆಮೇಲೆ ಒಂದು ದಿನ ಊರಿಗೆ ಹೋದರೆ ಒಲೆಯ ಬಾಯನ್ನು ಮಚ್ಚಿನಿಂದ ಕೆತ್ತಿ ಅಗಲ ಮಾಡಿದ್ದಳು. "ಯಾಕಮ್ಮಾ ಹೀಗೆ ಮಾಡಿದೆ, ಲೆಕ್ಕ ಹಾಕಿ ಮಾಡಿದ ಅಳತೆ ಅದು" ಎಂದೆ. "ಮಗಾ, ಸೌದೆಯನ್ನು ಗೇಣುದ್ದ ಸೀಳಬೇಕು ಅಂತೀಯ. ನೀನು ಪಟ್ಟಣದಲ್ಲಿ ಇರ್ತೀಯ, ನಿಮ್ಮಪ್ಪ ಹೊಲದಲ್ಲಿ. ಸೀಳೋರು ಯಾರು?" ಎಂದಳು. ಮರು ವರ್ಷ ಹೊಗೆ ಕೊಳವೆಯಲ್ಲಿ ಮಸಿ ಕಟ್ಟಿತು, ಮಳೆಗಾಲದಲ್ಲಿ ಒಡೆಯಿತು. ರಿಪೇರಿಗೆ ಹಣ ಉಂಟೇ ಎಂದು ಕಚೇರಿಯಲ್ಲಿ ಕೇಳಿದೆ. ಹೊಸದಕ್ಕೆ ಉಂಟು, ಹಳೆಯದಕ್ಕೆ ಇಲ್ಲ ಎಂದರು. ಅಮ್ಮ ಮತ್ತೆ ಮೂರು ಕಲ್ಲು ಇಟ್ಟಳು. ನನ್ನ ಪುಸ್ತಕದಲ್ಲಿ ಮಾತ್ರ ಆ ಒಲೆ ಉರಿಯುತ್ತಲೇ ಇತ್ತು. ತಪ್ಪು ನನ್ನದೂ ಹೌದು. ನಾನು ಅದನ್ನು ಹೊಡೆದುಹಾಕಲಿಲ್ಲ.

ಬೆಂಗಳೂರಿನಲ್ಲಿ ಒಲೆ ಮಾಡಿದವರು ಜಾಣರು, ತಾಲ್ಚೇರಿನ ಯಂತ್ರ ಮಾಡಿದವರೂ ಜಾಣರು. ಅಲ್ಲಿ ಬೂದಿ, ಇಲ್ಲಿ ಸೌದೆ ಸೀಳುವ ಕೈ. ಎರಡು ಕಡೆಯೂ ಖರ್ಚಾದದ್ದು ಕಟ್ಟುವುದಕ್ಕೆ. ಕಟ್ಟಿದ್ದು ಎಷ್ಟು ದಿನ ಓಡಿತು, ಏತಕ್ಕೆ ನಿಂತಿತು ಎಂದು ನೋಡಿ ಸರಿಪಡಿಸುವುದಕ್ಕಲ್ಲ.

ಅದನ್ನು ನೋಡಿದ ಒಂದು ಉದಾಹರಣೆಯೂ ಉಂಟು, ಅದೇ ಪುರದಲ್ಲಿ. ಊರಿನ ಸಗಣಿಯನ್ನೆಲ್ಲ ಕೂಡಿಸಿ ಗೋಬರ್ ಗ್ಯಾಸು ಮಾಡಿ ಅಡಿಗೆಗೆ ಕೊಡಬೇಕೆಂದು ಮೊದಲು ಯೋಚಿಸಿದ್ದರು. ಅಳೆದು ನೋಡಿದರೆ ಎಲ್ಲರ ಅಡಿಗೆಗೆ ಸಾಲುವಷ್ಟು ಸಗಣಿ ಇರಲಿಲ್ಲ. ಅವರು ಹಟ ಹಿಡಿಯಲಿಲ್ಲ. ಜನಕ್ಕೆ ಬೇಕಾಗಿದ್ದದ್ದು ಒಳ್ಳೆಯ ಕುಡಿಯುವ ನೀರು. ೧೯೮೭ರಿಂದ ಆ ಅನಿಲದಿಂದ ಎಂಜಿನು ಓಡಿಸಿ, ಕೊಳವೆ ಬಾವಿಯ ನೀರನ್ನು ಮನೆಗಳ ನಲ್ಲಿಗೆ ಕೊಟ್ಟರು, ದೀಪ ಹಚ್ಚಿದರು. ಹೆಂಗಸರು ಮಕ್ಕಳು ಸಗಣಿ ತಂದು ತೂಗಿಸಿದರೆ ಕಿಲೋಗೆ ೨ ಪೈಸೆ ಕೂಲಿ. ಸಗಣಿ ಕೊಟ್ಟ ಮನೆಗೆ ಅವರವರ ಪಾಲಿನ ಬಗ್ಗಡ ಗೊಬ್ಬರವಾಗಿ ವಾಪಸು. ಊರಿನ ಹುಡುಗರೇ ಸ್ಥಾವರ ನೋಡಿಕೊಂಡರು. ಹಲವು ವರ್ಷ ನಡೆಯಿತು. ಸಗಣಿಯನ್ನು ಉರಿಸಿಯೂ ಗೊಬ್ಬರ ಉಳಿಸಿಕೊಂಡ ಲೆಕ್ಕ ಅದು, ನನ್ನ ಅಜ್ಜಿಗೆ ಕೋಕು ಕೊಡಲಾಗದ್ದನ್ನು ಕೊಟ್ಟ ಲೆಕ್ಕ.

ಬೂದಿಯ ವಿಷಯ ಯಾರೋ ಚೀಟಿ ಕಳಿಸಿದ್ದಾರೆ: ಶಕ್ತಿನಗರದ ಬೂದಿಯನ್ನು ಹೊಲಕ್ಕೆ ಹಾಕಬಹುದೇ ಎಂದು. ಒಲೆಯ ಸೌದೆ ಬೂದಿಯೇ ಬೇರೆ, ಕಲ್ಲಿದ್ದಲಿನ ಬೂದಿಯೇ ಬೇರೆ. ಸೌದೆ ಬೂದಿಯಲ್ಲಿ ಪೊಟ್ಯಾಷ್ ಉಂಟು. ಕಲ್ಲಿದ್ದಲಿನದು ಹೆಚ್ಚಾಗಿ ಮರಳು ಮಣ್ಣಿನ ಸತ್ವ, ಜೊತೆಗೆ ಸೂಕ್ಷ್ಮ ಪ್ರಮಾಣದಲ್ಲಿ ವಿಷ ಲೋಹಗಳೂ ಇರಬಹುದು. ಧನಬಾದಿನವರು ಹೊಲಗಳಲ್ಲಿ ಪ್ರಯೋಗ ಮಾಡಿದ್ದಾರೆ. ಆದರೆ ನಿಮ್ಮ ಮಣ್ಣು, ಆ ಬೂದಿ, ಎರಡನ್ನೂ ಪರೀಕ್ಷೆ ಮಾಡಿಸದೆ ಲಾರಿಯವನ ಮಾತು ಕೇಳಿ ಸುರಿಸಿಕೊಳ್ಳಬೇಡಿ. ಇಟ್ಟಿಗೆಗೂ ಸಿಮೆಂಟಿಗೂ ಅದು ಧಾರಾಳವಾಗಿ ಆಗುತ್ತದೆ.

ಕೊನೆಗೆ ನಾವು ಮಾಡತಕ್ಕದ್ದು. ದೆಹಲಿಯ ೮,೫೦೦ ಕೋಟಿಯ ಲೆಕ್ಕವನ್ನು ನಾವು ಇಲ್ಲಿ ಕುಳಿತು ತನಿಖೆ ಮಾಡಲಾರೆವು. ನಮ್ಮ ಸಂಸದರಿಗೆ ಕಾಗದ ಬರೆದು ಕೇಳಬಹುದು, ಕೇಳೋಣ. ಆದರೆ ನಮ್ಮ ಊರಿನ ಲೆಕ್ಕ ನಮ್ಮ ಕೈಯಲ್ಲಿದೆ. ಸಹಾಯಧನ ತೆಗೆದುಕೊಂಡು ಕಟ್ಟಿದ ಗೋಬರ್ ಗ್ಯಾಸು ಎಷ್ಟು ಹಿತ್ತಲುಗಳಲ್ಲಿ ಒಣಗಿ ನಿಂತಿದೆ, ನಿಮಗೆ ಗೊತ್ತು. ನಾಲ್ಕೈದು ರಾಸು ಇರುವ ಮನೆಗೆ ೨ ಘನ ಮೀಟರಿನದು ಸಾಕು, ದಿನಕ್ಕೆ ೫೦ ಕಿಲೋ ಸಗಣಿ. ರಾಸು ಮಾರಿದ್ದರಿಂದ ನಿಂತಿತೋ, ಡೋಮು ಬಿರುಕು ಬಿಟ್ಟಿತೋ, ಕೊಳವೆಯಲ್ಲಿ ನೀರು ಕಟ್ಟಿತೋ, ಸಿಲಿಂಡರು ಬಂದ ಮೇಲೆ ಬೇಡವೆನಿಸಿತೋ, ಬರೆದು ತನ್ನಿ. ಕೊಳವೆಯ ನೀರು ಆದರೆ ಅರ್ಧ ಗಂಟೆಯ ಕೆಲಸ, ನಾನೇ ಬಂದು ತೋರಿಸಿಕೊಡುತ್ತೇನೆ. ಪಟ್ಟಿಯನ್ನು ಹೆಂಗಸರು ಮಾಡಿದರೆ ಒಳ್ಳೆಯದು. ಒಲೆಯ ಮುಂದೆ ಕೂರುವವರಿಗೆ ಕಾರಣ ಗೊತ್ತಿರುತ್ತದೆ. ಗಂಡಸರನ್ನು ಕೇಳಿದರೆ "ಯಾಕೋ ನಿಂತುಹೋಯಿತು" ಅನ್ನುತ್ತಾರೆ.

ಮುಂದಿನ ಕೂಟದ ಹೊತ್ತಿಗೆ ಪಟ್ಟಿ ಬರಲಿ. ಹಿಂದಿನ ಸಾಲಿನ ಆ ಹಿರಿಯರು ಇಂದೂ ಬಂದಿದ್ದಾರೆ, ಕೈ ಎತ್ತುತ್ತಿದ್ದಾರೆ. ಬಸ್ಸಿಗೆ ಇನ್ನೂ ಹೊತ್ತಿದೆ, ಅವರು ಕೇಳಲಿ.